ಕಲ್ಲು ನೆಕ್ಕುವ ಮಾವ

ನಮ್ಮ ಮಾವ ಉಡುಪಿ ಜಿಲ್ಲೆಯ ಅರ್ಧಭಾಗವನ್ನು ನೆಕ್ಕಿ ಮುಗಿಸಿದ್ದಾರೆ. ಇನ್ನರ್ಧ ಬಾಕಿ ಉಳಿದಿರುವುದು ಅವರ ಮಂಡಿನೋವಿನ ದಯೆಯಿಂದ!

ಉತ್ಪ್ರೇಕ್ಷೆ ಎನ್ನುತ್ತೀರಾ? ಹಾಗಾದರೆ ಒಮ್ಮೆ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪರ್ಕಳದವರೆಗೆ ಹೋಗಿ ಬನ್ನಿ. ರಸ್ತೆ ಅಗಲ ಮಾಡಲು ಎಲ್ಲೆಲ್ಲಿ ಗುಡ್ಡ ಕಡಿದಿದ್ದಾರೋ ಅಲ್ಲೆಲ್ಲ ನಿಲ್ಲಿಸಬೇಕು. ಮಾವ ಇಳಿಯುತ್ತಾರೆ, ಕೆಂಪು ಗುಡ್ಡದಿಂದ ಒಂದು ತುಂಡು ಕೀಳುತ್ತಾರೆ, ಅಂಗಿಯ ತುದಿಗೆ ಒಂದೇ ಒಂದು ಸಲ ಒರೆಸುತ್ತಾರೆ, ಆಮೇಲೆ ಪ್ರಸಾದ ತೆಗೆದುಕೊಳ್ಳುವವರ ಗಾಂಭೀರ್ಯದಲ್ಲಿ ನಾಲಗೆ ಹೊರಗೆ ಹಾಕುತ್ತಾರೆ. ಮಣಿಪಾಲದ ಕಾಲೇಜು ಹುಡುಗಿಯರು ಬಸ್ಸಿನ ಕಿಟಕಿಯಿಂದ ಮೊಬೈಲು ಹೊರಗೆ ಹಾಕುತ್ತಾರೆ. ಅಷ್ಟೂ ಹೊತ್ತು ನಾನು ಹೆಲ್ಮೆಟ್ ತೆಗೆಯುವುದಿಲ್ಲ. ಕಾನೂನಿಗೆ ಹೆದರಿ ಅಲ್ಲ, ಮಾನಕ್ಕೆ ಹೆದರಿ!

ಇವರು ನನ್ನ ಅಮ್ಮನ ತಮ್ಮ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತರಾಗಿ ಅಂಬಲಪಾಡಿಯಲ್ಲಿ ಅತ್ತೆಯೊಂದಿಗೆ ಇದ್ದಾರೆ. ಮಕ್ಕಳಿಲ್ಲ. ಕಲ್ಲುಗಳಿವೆ. ಅವರ ಪ್ರೀತಿಯೆಲ್ಲ ಮುರಕಲ್ಲಿನ ಮೇಲೆ, ಅಂದರೆ ನಮ್ಮೂರಿನ ಮನೆ, ಬಾವಿ, ಕಂಪೌಂಡಿನ ಪಾಗಾರಗಳನ್ನೆಲ್ಲ ಕಟ್ಟುವ ಆ ತೂತು ತೂತಿನ ಕೆಂಪು ಕಲ್ಲಿನ ಮೇಲೆ. ಅದರಲ್ಲಿ ಅಲ್ಯೂಮಿನಿಯಂ ಇರುವ ಜೇಡಿಯ ಅಂಶ ಹೆಚ್ಚಿದ್ದರೆ ನಾಲಗೆಗೆ ಅಂಟುತ್ತದಂತೆ, ಕಬ್ಬಿಣ ಹೆಚ್ಚಿದ್ದರೆ ಅಂಟುವುದಿಲ್ಲವಂತೆ. ಪ್ರಯೋಗಾಲಯಕ್ಕೆ ಕಳಿಸಬಾರದೇ ಎಂದರೆ, ನಾಲಗೆ ಇರುವಾಗ ಪ್ರಯೋಗಾಲಯ ಯಾಕೆ ಎನ್ನುತ್ತಾರೆ. ಅಡುಗೆಮನೆಯ ಪಾಯಸದ ಬಗ್ಗೆ ಮಾತ್ರ ಆ ನಾಲಗೆ ಇವತ್ತಿನವರೆಗೆ ಒಂದು ಒಳ್ಳೆಯ ಮಾತು ಆಡಿದ್ದಿಲ್ಲ.

ಅತ್ತೆಯೇನು ಸುಮ್ಮನೆ ಇರುವವರಲ್ಲ. ಮಾವ ಕಲ್ಲು ಹಿಡಿದು ಮೆಟ್ಟಿಲು ಹತ್ತಿದರೆ ಸಾಕು, ಒಳಗಿನಿಂದಲೇ ಶುರುವಾಗುತ್ತಿತ್ತು. "ನಾಯಿ ಕಾಲೆತ್ತಿದ ಕಲ್ಲು ಅದು. ಹೊರಗೆ ಇಡಿ, ಹೊರಗೆ." ನಲವತ್ತು ವರ್ಷ ಇದೇ ವಾಕ್ಯ, ಇದೇ ರಾಗ. ಮಾವ ಪ್ರತಿಸಲವೂ ತಲೆಯಾಡಿಸಿ ಒಳಗೇ ಇಡುತ್ತಿದ್ದರು. ಹೀಗೆ ಆ ಮನೆಯ ಕಪಾಟು, ಕಿಟಕಿ, ಹೊಲಿಗೆ ಮಿಷನ್ನಿನ ತಲೆ, ಎಲ್ಲದರ ಮೇಲೂ ಕಲ್ಲು ಕೂತಿತು. ಒಂದೊಂದಕ್ಕೂ ಚೀಟಿ: "ಪರ್ಕಳ, ರಸ್ತೆ ಅಗೆದದ್ದು." "ಕಾಪು, ಬಾವಿ, ಹನ್ನೆರಡನೇ ಅಡಿ." ದೇವರ ಮಂಟಪದಲ್ಲಿ ಗಣಪತಿಯ ಪಕ್ಕ ಒಂದು ಕೂತಿದ್ದನ್ನು ನೋಡಿ ನಾನು ಎರಡು ವಾರ ಅದಕ್ಕೂ ಕೈಮುಗಿದಿದ್ದೆ. ಆಮೇಲೆ ಚೀಟಿ ಓದಿದೆ.

ಈ ಕಲ್ಲು ಹೇಗಾಯಿತು ಎಂದು ಮಾವನನ್ನು ಅಪ್ಪಿತಪ್ಪಿ ಕೇಳಬಾರದು. ಉಡುಪಿಯ ಮದುವೆಯೊಂದರಲ್ಲಿ ನನ್ನ ಪಕ್ಕದ ಎಲೆಯವರು ಕೇಳಿಬಿಟ್ಟರು. ಮಾವ ಸಾರನ್ನವನ್ನು ಹಾಗೇ ಬಿಟ್ಟು ಇಡೀ ಹಾಲ್ ತೋರಿಸಿದರು. "ನೋಡಿ, ಇದು ಮೂಲ ಬಂಡೆ. ಎಲ್ಲರೂ ತುಂಬಿ ಕೂತಿದ್ದಾರೆ. ಈಗ ಮಳೆ ಬಂತು ಅಂತ ಇಟ್ಟುಕೊಳ್ಳಿ. ಊಟ ಆದ ಕೂಡಲೇ ಕೈ ತೊಳೆದು ಓಡುವವರು ಸೋಡಿಯಂ, ಪೊಟ್ಯಾಸಿಯಂ. ನೀರಿನೊಟ್ಟಿಗೆ ಮೊದಲು ಹೋಗುವುದು ಅವೇ. ಎಲೆ ಅಡಿಕೆಗೆ ಕಾದು ನಿಧಾನಕ್ಕೆ ಹೋಗುವವರು ಸಿಲಿಕಾ. ಕೊನೆಗೆ ಕುರ್ಚಿ ಮಡಚಲು, ಪಾತ್ರೆ ಲೆಕ್ಕ ಹಾಕಲು ಯಾರು ಉಳಿಯುತ್ತಾರೆ? ನೀರಿಗೆ ಕರಗದವರು. ಕಬ್ಬಿಣ, ಅಲ್ಯೂಮಿನಿಯಂ. ಅದಿರು ಎಲ್ಲಿಂದಲೂ ಬರುವುದಿಲ್ಲ ಮಾರಾಯ್ರೆ. ಉಳಿದವೆಲ್ಲ ಹೋಗುತ್ತವೆ, ಹೋಗಲಾಗದ್ದು ಅದಿರಾಗುತ್ತದೆ."

ಹಿಂದೆ ನಿಂತಿದ್ದ ಮದುಮಗಳ ಅಪ್ಪ, ಬೆಳಗಿನಿಂದ ಒಂದು ಲೋಟ ನೀರೂ ಕುಡಿಯದ ಮನುಷ್ಯ, ಹಾಗಾದರೆ ತಾನು ಎಂತ ಎಂದು ಕೇಳಿದರು.

"ನೀವು ಅಪ್ಪಟ ಬಾಕ್ಸೈಟ್" ಎಂದರು ಮಾವ. ಆ ಮದುವೆಯಲ್ಲಿ ಅವರಿಗೆ ಯಾರಾದರೂ ಕೊಟ್ಟ ಗೌರವ ಅದೊಂದೇ ಇರಬೇಕು, ಪಾಪ, ಅವರ ಮುಖ ಅರಳಿತು.

ಇನ್ನು ಕಾರ್ಕಳದ ಕಥೆ. ಊರಿಗೆ ಬಂದ ನೆಂಟರಿಗೆ ಬಾಹುಬಲಿ ಬೆಟ್ಟ ತೋರಿಸಲು ಹೋಗಿದ್ದೆವು. ಎಲ್ಲರೂ ತಲೆ ಎತ್ತಿ ಬೆಟ್ಟ ನೋಡುತ್ತಿದ್ದರೆ ಮಾವ ಅದರ ಕಡೆ ಪಾಠ ಓದಿಕೊಂಡು ಬಾರದ ಹುಡುಗನನ್ನು ನೋಡುವಂತೆ ನೋಡಿ, ಇದು ಇನ್ನೂ ಬರೀ ಬಂಡೆ, ಅದಿರಾಗಲು ವಯಸ್ಸು ಸಾಲದು ಎಂದುಬಿಟ್ಟರು! ಆಮೇಲೆ ದೂರದ ರಸ್ತೆ ಬದಿಯಲ್ಲಿ ಒಂದು ಮುರಕಲ್ಲಿನ ದಿಬ್ಬ ಕಂಡಿತು. ಮಂಡಿ ಬಗ್ಗದ ಕಾರಣ ಉದ್ದಕ್ಕೆ ಮಲಗಿಯೇ ನೆಕ್ಕಿದರು. ದಾರಿಯಲ್ಲಿ ನಿಂತ ಪ್ರವಾಸಿ ಬಸ್ಸಿನಿಂದ ಒಂದು ದೊಡ್ಡ ಸಂಸಾರ ಇಳಿದು, ಇದೂ ಯಾವುದೋ ಕಾರಣಿಕದ ಸ್ಥಳವೆಂದು ತಿಳಿದು, ಚಪ್ಪಲಿ ಕಳಚಿ ಸಾಲಾಗಿ ಅಡ್ಡಬಿದ್ದಿತು. ಮಾವ ಎದ್ದು ಮಣ್ಣು ಕೊಡವಿಕೊಂಡು, ಅಂಟುವುದಿಲ್ಲ, ಬರೀ ಕಬ್ಬಿಣ ಎಂದು ಅವರಿಗೆ ವರದಿ ಕೊಟ್ಟರು.

ಕಾಪುವಿನ ಹನೀಫ್ ಮಾವನ ಹಳೆಯ ಶಿಷ್ಯ. ಗಲ್ಫಿನಿಂದ ನಲವತ್ತು ದಿನದ ರಜೆಯಲ್ಲಿ ಬಂದು ಮನೆ ಕಟ್ಟಿಸಲು ಕಲ್ಲು ಇಳಿಸಿದ್ದ. ಮೇಷ್ಟ್ರನ್ನು ಕರೆಸಿ ಕೈ ಹಿಡಿದು ಆಶೀರ್ವಾದ ಕೇಳಿದ್ದೇ ತಪ್ಪಾಯಿತು. ಹಸಿ ಕಲ್ಲು, ಈಗಷ್ಟೇ ಗುಡ್ಡದಿಂದ ಕಡಿದದ್ದು, ಒಂದು ಮಳೆಗಾಲ ಒಂದು ಬೇಸಿಗೆ ಹೊರಗೆ ಬಿದ್ದಿದ್ದರೆ ಮಾತ್ರ ಗಟ್ಟಿಯಾಗುತ್ತದೆ ಎಂದು ಮಾವ ತೀರ್ಪು ಕೊಟ್ಟರು. ರಜೆ ನಲವತ್ತೇ ದಿನ ಸಾರ್ ಎಂದು ಹನೀಫ್ ಗೋಗರೆದ. ಲಕ್ಷಗಟ್ಟಲೆ ವರ್ಷ ಕಾದ ಕಲ್ಲಿಗೆ ಇಲ್ಲದ ಅರ್ಜೆಂಟು ನಿನಗೆ ಯಾಕೆ ಎಂದರು ಮಾವ. ಮನೆ ಒಂದು ವರ್ಷ ಮುಂದೆ ಹೋಯಿತು, ಹನೀಫನ ಹೆಂಡತಿ ಆ ವರ್ಷವಿಡೀ ಗಂಡನ ತಾಯಿಯ ಮನೆಯಲ್ಲೇ ಕಳೆದಳು. ಆ ಗೋಡೆಯಲ್ಲಿ ಇವತ್ತಿಗೂ ಒಂದು ಬಿರುಕಿಲ್ಲ, ನಿಜ. ಆದರೆ ಆಕೆ ಇವತ್ತಿಗೂ ಮಾವನ ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ!

ಇಷ್ಟರಲ್ಲಿ ನಮ್ಮ ಅತ್ತೆಗೆ ಮರೆವು ಶುರುವಾಯಿತು. ಮೊದಲು ಸಾರಿಗೆ ಉಪ್ಪು, ಆಮೇಲೆ ನಿನ್ನೆ ಯಾರು ಬಂದರು ಎನ್ನುವುದು, ಆಮೇಲೆ ತಮ್ಮ ತವರಿನ ದಾರಿ. ಮಣಿಪಾಲದ ಡಾಕ್ಟರು ಇದು ಹೀಗೇ ಮುಂದುವರಿಯುತ್ತದೆ ಎಂದರು. ನಾನು ಹೋದರೆ ಅತ್ತೆ ಕರೆಂಟು ಮೀಟರ್ ಓದುವವನು ಎಂದುಕೊಂಡು, "ಬಿಲ್ಲು ಅಲ್ಲಿ ಇಡಿ" ಎನ್ನುತ್ತಿದ್ದರು. ನಾನು ಜೇಬಿನಿಂದ ಯಾವುದಾದರೂ ಬಸ್ ಟಿಕೆಟು ತೆಗೆದು ಇಡುತ್ತಿದ್ದೆ.

ಇಂಥ ಸ್ಥಿತಿಯಲ್ಲಾದರೂ ಮಾವ ಕಲ್ಲು ಬಿಟ್ಟರೇ? ಎಲ್ಲಿಯ ಮಾತು! ಹೊರಗೆ ಹೋಗಲಾಗದೆ ಹುಚ್ಚು ಇನ್ನೂ ಏರಿತು. ಒಂದು ಭಾನುವಾರ ನಾನೇ ಕಣ್ಣಾರೆ ನೋಡಿದೆ. ಒಂದೇ ಕಲ್ಲು. ಅದನ್ನು ಹಿಂಬಾಗಿಲಿನಿಂದ ಹೊರಗೆ ಒಯ್ದು, ಮನೆಗೆ ಸುತ್ತು ಹಾಕಿ, ಮುಂಬಾಗಿಲಿನಿಂದ ಒಳಗೆ ತಂದರು. ಅತ್ತೆ ಬೈದರು. ಅರ್ಧ ಗಂಟೆ ಬಿಟ್ಟು ಅದೇ ಕಲ್ಲು, ಅದೇ ಸುತ್ತು, ಅದೇ ಬೈಗುಳ. ಹೆಂಡತಿ ಹೀಗಿರುವಾಗ ಈ ಮನುಷ್ಯನಿಗೆ ಕಲ್ಲಿನ ಮೆರವಣಿಗೆ! ನನಗೆ ನಿಜಕ್ಕೂ ಸಿಟ್ಟು ಬಂತು. ನೆಂಟರಿಗೆಲ್ಲ ಫೋನು ಮಾಡಿ, ಮಂಡೆ ಕೆಟ್ಟದ್ದು ಅತ್ತೆಗಲ್ಲ, ಮಾವನಿಗೆ ಎಂದು ಹೇಳಿ ನಗಿಸಿದೆ.

ಬರೀ ನಗಿಸಿ ಸುಮ್ಮನಾಗಿದ್ದರೆ ಒಳ್ಳೆಯದಿತ್ತು. ಅತ್ತೆ ಕಲ್ಲಿಗೆ ಕಾಲು ತಾಗಿ ಬಿದ್ದರೆ ಯಾರು ಗತಿ? ಮಾವ ಅವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದ ಬೆಳಿಗ್ಗೆ ನಾನು ಟೆಂಪೋ ತರಿಸಿ ಅಷ್ಟೂ ಕಲ್ಲನ್ನು ತುಂಬಿಸಿ ಕಾಪುವಿಗೆ ಕಳಿಸಿಬಿಟ್ಟೆ. ಹನೀಫ್ ಈಗ ಗಲ್ಫ್ ಬಿಟ್ಟು ಅಲ್ಲೇ ಅಂಗಡಿ ಇಟ್ಟಿದ್ದಾನೆ, ಅವನ ಹಿತ್ತಿಲಲ್ಲಿ ತಗ್ಗು ತುಂಬಿಸುವುದಿತ್ತು. ಅತ್ತ ಕಲ್ಲು ಹೊರಟದ್ದೇ ಇತ್ತ ನಾನು ಫಿನಾಯಿಲ್ ಹಾಕಿ ನೆಲ ಒರೆಸಿದೆ. ಮನೆ ಎಷ್ಟು ಚಂದ ಕಂಡಿತು ಗೊತ್ತೇ! ಮಾವ ಬಂದು ಖಾಲಿ ಕಪಾಟು ನೋಡಿದರು. ಎಲ್ಲಿಗೆ ಎಂದು ಕೇಳಿದರು. ಕಾಪುವಿಗೆ ಎಂದೆ. ತಲೆಯಾಡಿಸಿ ಅತ್ತೆಯ ಚಪ್ಪಲಿ ಕಳಚಲು ಕೂತರು. ಒಂದು ಥ್ಯಾಂಕ್ಸ್ ಕೂಡ ಇಲ್ಲವಲ್ಲ ಎಂದು ಗೊಣಗುತ್ತ ನಾನು ಮನೆಗೆ ಬಂದೆ.

ಮೂರು ವಾರ ಬಿಟ್ಟು ಹೋದಾಗ ಅತ್ತೆ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಬಿಲ್ಲು ಇಡಿ ಎನ್ನಲಿಲ್ಲ. ಕಾಯಿಲೆ ಮುಂದುವರಿದಿದೆ ಅಲ್ವಾ ಎಂದು ಮಾವನನ್ನು ಕೇಳಿದೆ. ಮಾವ ಅವರ ಕೂದಲು ಬಾಚುತ್ತಿದ್ದರು. ಬಾಚಣಿಗೆ ನಿಲ್ಲಿಸದೆಯೇ ಮಾತಾಡಿದರು.

"ಅವಳಿಗೆ ನನ್ನ ಹೆಸರು ಹೋಗಿ ವರ್ಷ ಆಯಿತು. ನಾನು ಗಂಡ ಅಂತಲೂ ಗೊತ್ತಿಲ್ಲ, ಯಾರೋ ಮೇಷ್ಟ್ರು ಅಂದುಕೊಂಡಿದ್ದಾಳೆ. ಕಲ್ಲು ಒಳಗೆ ತಂದರೆ ಮಾತ್ರ ಬೈಯುತ್ತಿದ್ದಳು. ಅದಕ್ಕೇ ದಿನಕ್ಕೆ ನಾಲ್ಕು ಸಲ ತರುತ್ತಿದ್ದೆ. ಬೈದ ಮೇಲೆ ಒಂದು ಹತ್ತು ನಿಮಿಷ ಅವಳು ಅವಳಾಗಿಯೇ ಇರುತ್ತಿದ್ದಳು. ಚಹಾ ಬೇಕಾ ಅಂತಲೂ ಕೇಳುತ್ತಿದ್ದಳು. ನೀನು ಟೆಂಪೋದಲ್ಲಿ ಅವಳ ಮಾತನ್ನೂ ತುಂಬಿಸಿಕೊಂಡು ಹೋದೆ ಮಾರಾಯ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ರಸ್ತೆ ಬದಿಯಿಂದ ಬೇರೊಂದು ಕಲ್ಲು ತರಬಹುದಿತ್ತಲ್ಲ ಎಂದೆ, ನಾಚಿಕೆಯಿಲ್ಲದೆ. ತಂದು ನೋಡಿದ್ದರಂತೆ. ಅತ್ತೆ ತಿರುಗಿಯೂ ನೋಡಲಿಲ್ಲವಂತೆ.

ಅದೇ ಮಧ್ಯಾಹ್ನ ಮತ್ತೆ ಟೆಂಪೋ ತರಿಸಿ ಕಾಪುವಿಗೆ ಓಡಿದೆ. ತಗ್ಗಿನೊಳಗೆ ಹೋಗಿದ್ದರೆ ಎಂಬ ಭಯದಲ್ಲಿ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಕಲ್ಲುಗಳೆಲ್ಲ ಹನೀಫನ ಅಂಗಳದಲ್ಲಿ ಸಾಲಾಗಿ ಇದ್ದವು. ಸಾರ್‌ರ ಕಲ್ಲನ್ನು ಮಣ್ಣಿಗೆ ಹಾಕಲು ಅವನಿಗೆ ಧೈರ್ಯ ಬರಲಿಲ್ಲವಂತೆ. ಒಂದು ಮಳೆಗಾಲ ಹೊರಗೆ ಇರಲಿ, ಆಮೇಲೆ ಕೇಳೋಣ ಎಂದು ಬಿಟ್ಟಿದ್ದನಂತೆ! ಅವನೂ ಟೆಂಪೋ ಹತ್ತಿದ. ಅವನ ಹೆಂಡತಿ ಯಾವ ಕಲ್ಲೂ ಉರುಳದಂತೆ ಹಳೆಯ ಗೋಣಿಗಳನ್ನು ಒತ್ತಿಕೊಟ್ಟಳು.

ಅಂಬಲಪಾಡಿಯ ಅಂಗಳದಲ್ಲಿ ಇಳಿಸಿದಾಗ ಗೊತ್ತಾಯಿತು, ಮೂರು ವಾರದ ಮಳೆಗೆ ಚೀಟಿಗಳೆಲ್ಲ ತೊಳೆದುಹೋಗಿದ್ದವು. ಯಾವುದು ಕಾರ್ಕಳ, ಯಾವುದು ಪರ್ಕಳ? ಮಾವ ಜಗಲಿಯ ಮೆಟ್ಟಿಲ ಮೇಲೆ, ಅತ್ತೆಯ ಎದುರಿಗೇ ಕೂತು ಮೊದಲನೆಯದನ್ನು ಎತ್ತಿ ಅಂಗಿಗೆ ಒರೆಸಿ ನೆಕ್ಕಿದರು. ಅತ್ತೆ ಅಲುಗಲಿಲ್ಲ. ಎರಡನೆಯದನ್ನು ನೆಕ್ಕಿದರು. ಅತ್ತೆ ತೆಂಗಿನಮರ ನೋಡುತ್ತಿದ್ದರು. ಹನೀಫ್ ತಲೆ ತಗ್ಗಿಸಿ ನಿಂತ. ನನಗೆ ಅಲ್ಲಿ ನಿಲ್ಲಲಿಕ್ಕೇ ಆಗಲಿಲ್ಲ, ಆದರೂ ನಿಂತೆ. ಮೂರನೆಯದು ದೇವರ ಮಂಟಪದ ಆ ಹಳೆಯ ಕಲ್ಲು, ಅದಕ್ಕೆ ಹತ್ತಿದ ಕುಂಕುಮ ಪೂರ್ತಿ ಹೋಗಿರಲಿಲ್ಲ. ಮಾವ ನಾಲಗೆ ಹೊರಗೆ ಹಾಕಿದರು.

"ಥೂ" ಎಂದರು ಅತ್ತೆ. "ನಾಯಿ ಕಾಲೆತ್ತಿದ ಕಲ್ಲು ಅದು. ಹೊರಗೆ ಇಡಿ, ಹೊರಗೆ."

ಮಾವ ನನ್ನ ಕಡೆ ತಿರುಗಿದರು. ಗಡ್ಡಕ್ಕೆಲ್ಲ ಕೆಂಪು ಮಣ್ಣು, ಕಣ್ಣಲ್ಲಿ ನೀರು. "ಉಂಟು ಮಾರಾಯ" ಎಂದರು. "ಇನ್ನೂ ಉಂಟು."

ಈಗ ನಾನು ಪ್ರತಿ ಭಾನುವಾರ ಹೋಗುತ್ತೇನೆ. ಮಾವನ ಮಂಡಿಗೆ ಮನೆ ಸುತ್ತುವುದು ಕಷ್ಟ, ಹಾಗಾಗಿ ಆ ದಿನದ ಪಾಳಿ ನನ್ನದು. ಮೊದಲ ಸಲ ಮುಂಬಾಗಿಲಲ್ಲಿ ನಿಂತು, ಹೆಲ್ಮೆಟ್ ತೆಗೆದು, ರಸ್ತೆಯ ಜನವೆಲ್ಲ ನೋಡುತ್ತಿರುವಾಗಲೇ ಕಲ್ಲಿಗೆ ನಾಲಗೆ ಹಚ್ಚಿದೆ. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕರೆಂಟ್ ಆಫೀಸಿನವರು ನೀವು, ನಿಮಗೂ ಇದೇ ರೋಗವಾ? ಹೊರಗೆ ಇಡಿ."

ಹೊರಗೆ ಇಟ್ಟೆ. ಅರ್ಧ ಗಂಟೆ ಬಿಟ್ಟು ಮನೆಗೆ ಒಂದು ಸುತ್ತು ಹಾಕಿ, ಮತ್ತೆ ಒಳಗೆ ತಂದೆ.