ಎಡಗಾಲಿನ ಮೂಲಕಾರಣ

"ಮೂಲಕಾರಣ ಗೊತ್ತಾಗೋವರೆಗೂ ನನ್ನ ಕಾಲಿಗೆ ಯಾರೂ ಚಾಕು ಹಾಕೋ ಹಾಗಿಲ್ಲ!" ಎಂದು ಶೇಷಾದ್ರಿಗಳು ಭಾನುವಾರದ ಉಪ್ಪಿಟ್ಟಿನ ಮುಂದೆ ಭೀಷ್ಮಪ್ರತಿಜ್ಞೆ ಮಾಡಿದರು. ಹೆಂಡತಿ ಪದ್ಮ ತಟ್ಟೆಗೆ ಉಪ್ಪಿನಕಾಯಿ ಬಡಿಸಿದಳು.

ಎರಡು ವರ್ಷದಿಂದ ಅವರ ಎಡಪಾದದ ಕೀಲು ನೋಯುತ್ತಿತ್ತು. ಸರ್ಜನ್ ಎಲ್ಲ ಎಕ್ಸ್‌ರೇ ಫಿಲ್ಮುಗಳನ್ನೂ ನೋಡಿ, ಆಪರೇಷನ್ ಮಾಡಬಹುದು, ಮಾಡದೆಯೂ ಇರಬಹುದು, ನಿರ್ಧಾರ ನಿಮ್ಮದು ಎಂದು ಕೈತೊಳೆದುಕೊಂಡಿದ್ದರು. ನಿಧಾನವಾಗಿ ಯೋಚಿಸೋಣವೆಂದರೆ ಅದು ಅಮೆರಿಕದ ಕಾರು ಕಂಪನಿಗಳು ಮುಳುಗುತ್ತಿದ್ದ ೨೦೦೯ನೇ ಇಸವಿ. ಮಿಷಿಗನ್‌ನ ಆಬರ್ನ್ ಹಿಲ್ಸ್‌ನಲ್ಲಿದ್ದ ಅವರ ಆಫೀಸಿನಲ್ಲಿ ಸಾಲುಸಾಲಾಗಿ ಕುರ್ಚಿಗಳು ಖಾಲಿಯಾಗಿ, ಕೊನೆಗೆ ಶೇಷಾದ್ರಿಗಳ ಕೈಗೂ ಕಾಗದ ಬಂದಿತ್ತು. ಕೆಲಸ ತಿಂಗಳ ಕೊನೆಯವರೆಗೆ, ಕಂಪನಿ ಕೊಟ್ಟಿದ್ದ ಇನ್ಶೂರೆನ್ಸೂ ಅಲ್ಲಿಯವರೆಗೇ. ಆಪರೇಷನ್ ಆಗುವುದಾದರೆ ಅಷ್ಟರೊಳಗೆ ಆಗಬೇಕು, ಇಲ್ಲದಿದ್ದರೆ ಕುಂಟಿಕೊಂಡೇ ಹೊಸ ಕೆಲಸ ಹುಡುಕಬೇಕು. ಪ್ರತಿಜ್ಞೆ ಜೋರಾಗಿದ್ದರೂ ಒಳಗೊಳಗೇ ಅವರಿಗೆ ಭಯವಾಗಿತ್ತು.

ಭಯವಾದಾಗ ಎಂಜಿನಿಯರಾದವನು ನೋಟ್‌ಬುಕ್ ತೆಗೆಯುತ್ತಾನೆ. ಹದಿನೆಂಟು ವರ್ಷದಿಂದ ಕಾರಿನ ಸೀಟು ಡಿಸೈನ್ ಮಾಡುವವರು ಇವರು. ಸೀಟು ಕಿರ್ರೆಂದರೆ ಯಾಕೆ, ಯಾಕೆ ಎಂದು ಐದು ಸಲ ಕೇಳಿ ಕಾರಣ ಹಿಡಿಯುವುದೇ ಅವರ ಕಸುಬು. ಅದೇ ವಿದ್ಯೆ ಈಗ ಕಾಲಿಗೆ! ಒಂದು ವಾರ ಆಲೂಗಡ್ಡೆ, ಬದನೆಕಾಯಿ ನಿಂತವು. ವಾಯು ನಿರ್ದೋಷಿಯೆಂದು ಸಾಬೀತಾಯಿತು. ಶೂ ಬದಲಾಯಿತು, ಮಂಚದ ದಿಕ್ಕು ಬದಲಾಯಿತು. ನಿಂತು ಪಾತ್ರೆ ತೊಳೆಯುವುದನ್ನು ವಿಜ್ಞಾನದ ಹಿತಕ್ಕಾಗಿ ಕೈಬಿಟ್ಟರು. ಪಾತ್ರೆಗಳು ಪದ್ಮಳ ಪಾಲಿಗೆ ಬಿದ್ದವು, ನೋವು ಇದ್ದಲ್ಲೇ ಇತ್ತು.

ಹಳೆಯ ಡೈರಿ ತಿರುವಿದಾಗ ಜ್ಞಾನೋದಯವಾಯಿತು. ಹಬ್ಬಕ್ಕೆಂದು ಷಿಕಾಗೋ ಕಡೆಗೆ ಹೋದ ನಾಲ್ಕು ಸಲವೂ ಕಾಲು ಊದಿಕೊಂಡಿತ್ತು! ಹೋಗಿ ಇಳಿಯುತ್ತಿದ್ದುದು ಡೌನರ್ಸ್ ಗ್ರೋವ್‌ನಲ್ಲಿ, ಪದ್ಮಳ ತಮ್ಮ ಕೇಶವನ ಮನೆಯಲ್ಲಿ.

"ಕಾರಣ ಸಿಕ್ಕಿತು ಪದ್ಮ. ನಿನ್ನ ತಮ್ಮನ ಮನೆ."

"ಅವನ ಮನೆ ಏನು ಮಾಡ್ತು ನಿಮ್ಮ ಕಾಲಿಗೆ?"

"ಬೇಸ್‌ಮೆಂಟು ಥಂಡಿ, ಸಾರಿಗೆ ಹುಣಿಸೆಹಣ್ಣು ಜಾಸ್ತಿ. ಡೇಟಾ ಸುಳ್ಳು ಹೇಳಲ್ಲ."

ಪದ್ಮ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಬಾಯಿ ತೆರೆದದ್ದು ಆಜ್ಞೆ ಹೊರಡಿಸಲು. ಕೇಶವ ಮೂಳೆ ಡಾಕ್ಟರಲ್ಲವೇ, ಈ ಶನಿವಾರ ಅವನಿಗೇ ಕಾಲು ತೋರಿಸಬೇಕು, ಸೋಮವಾರ ಸರ್ಜನ್‌ಗೆ ಹೂಂ ಅಥವಾ ಊಹೂಂ ಹೇಳಬೇಕು.

ಮುನ್ನೂರು ಮೈಲಿ ಓಡಿಸಿಕೊಂಡು ಹೋಗಿ ಶೇಷಾದ್ರಿಗಳು ಕುಂಟುತ್ತಲೇ ಕಾರಿಳಿದರು. ಬಾಮೈದುನನ ಹೊಸಿಲು ದಾಟುವ ಮೊದಲೇ ನೋವು ಬಂದದ್ದರಿಂದ ತಮ್ಮ ಸಿದ್ಧಾಂತಕ್ಕೆ ಪೆಟ್ಟು ಬಿದ್ದದ್ದು ಅವರಿಗೆ ತಿಳಿಯಿತು. ಆದರೆ ಯಾರಿಗೂ ಹೇಳಲಿಲ್ಲ. ಕೇಶವ ಪಾದ ತಿರುಗಿಸಿ ನೋಡಿದ, ಫಿಲ್ಮು ಬೆಳಕಿಗೆ ಹಿಡಿದ, ತಲೆ ಕೆರೆದುಕೊಂಡ. ಅವನಿಗೂ ಏನೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಲೆಮಾಂಟ್ ದೇವಸ್ಥಾನಕ್ಕೆ ಹೊರಟರು. ಸ್ಟಿಯರಿಂಗ್ ಹಿಡಿದವರು ಶೇಷಾದ್ರಿಗಳು, ಪಕ್ಕದಲ್ಲಿ ಕೇಶವ, ಹಿಂದೆ ಪದ್ಮ. ಎರಡನೆಯ ಸಿಗ್ನಲ್‌ನಲ್ಲಿ ಕೇಶವ ಬಗ್ಗಿ ನೋಡಿದ.

"ಭಾವ, ನಿಮ್ಮ ಎಡಗಾಲೆಲ್ಲಿ?"

ಎಡಗಾಲು ಸೀಟಿನ ಮೇಲೆ, ಬಲತೊಡೆಯ ಅಡಿಯಲ್ಲಿ, ಅರ್ಧ ಚಕ್ಕಳಮಕ್ಕಳ ಹಾಕಿಕೊಂಡಿತ್ತು.

"ಆಟೊಮ್ಯಾಟಿಕ್ ಕಾರು ಕೇಶವ. ಎಡಗಾಲಿಗೇನು ಕೆಲಸ?"

"ಮಿಷಿಗನ್‌ನಿಂದಲೂ ಹೀಗೇ ಬಂದ್ರಾ?"

"ಆಫೀಸಲ್ಲೂ ಹೀಗೇ ಕೂರೋದು."

ಕೇಶವ ನಗು ತಡೆದುಕೊಂಡು ತೀರ್ಪು ಕೊಟ್ಟ. ಆರು ವಾರ ಕಾಲು ಕೆಳಗಿರಲಿ, ಆಮೇಲೂ ನೋವಿದ್ದರೆ ಆಪರೇಷನ್ ಮಾತು. ಈಗಲೇ ಮಾಡಿಸಿದರೆ ರಿಪೇರಿಯಾದ ಕೀಲಿನ ಮೇಲೇ ಮತ್ತೆ ಕೂರುತ್ತೀರಿ, ಅಷ್ಟೆ. ಶೇಷಾದ್ರಿಗಳಿಗೆ ಜೀವ ಬಂದ ಹಾಗಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಅಮೆರಿಕದವರ ತೊಡೆಯ ಭಾರ ಸೀಟಿನ ಯಾವ ಇಂಚಿನ ಮೇಲೆ ಬೀಳುತ್ತದೆಂದು ಅಳೆದವರು, ತಮ್ಮ ಭಾರ ಯಾವುದರ ಮೇಲೆ ಬೀಳುತ್ತಿದೆಯೆಂದು ನೋಡಿಕೊಂಡಿರಲಿಲ್ಲ. ಮೆಲ್ಲಗೆ ಕಾಲಿಳಿಸಿ ಮಾತು ಬದಲಿಸಲು ನೋಡಿದರು.

"ಛೆ, ಇನ್ಶೂರೆನ್ಸ್ ಸುಮ್ನೆ ವೇಸ್ಟ್ ಆಗುತ್ತಲ್ಲ."

"ಯಾಕೆ ವೇಸ್ಟಾಗುತ್ತೆ?" ಹಿಂದಿನ ಸೀಟಿನಿಂದ ಪದ್ಮ ಕೇಳಿದಳು. "ಇನ್ನೂ ಒಂಬತ್ತು ದಿನ ಇದೆ, ಹೋಗಿ ಕಿವಿ ತೋರಿಸ್ಕೊಳ್ಳಿ. ಮದುವೆ ಆದಾಗಿಂದ ಕಾಲು ಕೆಳಗೆ ಬಿಟ್ಟು ಕೂತ್ಕೊಳ್ಳಿ ಅಂತ ಹೇಳ್ತಾನೇ ಇದೀನಿ, ಒಂದು ದಿನಾನೂ ಕೇಳಿಸಿಲ್ಲ."