ನಲವತ್ತು ಗವಸು, ಒಂದು ಸಿದ್ಧಾಂತ

ಅರ್ಥಶಾಸ್ತ್ರದ ಮೇಷ್ಟ್ರಿಗೆ ಮನೆಯಲ್ಲಿ ಮರ್ಯಾದೆ ಕಡಿಮೆ ಎಂಬುದು ನನ್ನ ಸ್ವಂತ ಸಂಶೋಧನೆ. ಬೇಕಾದ್ದೆಲ್ಲ ಪೇಟೆಯಲ್ಲೇ ಸಿಗುವಾಗ ಜನ ಕಂಪನಿ ಯಾಕೆ ಕಟ್ಟುತ್ತಾರೆ ಎಂಬ ಪಾಠವನ್ನು ಸಾಂಗ್ಲಿಯ ಕಾಲೇಜಿನಲ್ಲಿ ಪ್ರತಿವರ್ಷ ಮರಾಠಿಯಲ್ಲಿ ಹೇಳುತ್ತೇನೆ. ಉತ್ತರವೂ ಬಾಯಿಪಾಠ: ಪ್ರತಿಸಲ ಜನರನ್ನು ಹುಡುಕಿ, ಒಪ್ಪಿಸಿ, ತಕರಾರು ಬಿಡಿಸುವುದಕ್ಕೂ ಖರ್ಚಿದೆ, ಅದು ಮಿತಿಮೀರಿದರೆ ಎಲ್ಲರನ್ನೂ ಒಂದೇ ಸೂರಿನಡಿ ಕೂರಿಸುವುದೇ ಲೇಸು. ಗೊತ್ತಿದ್ದೂ ನನ್ನ ಮನೆಯಲ್ಲಿ ಅದು ಹೊಳೆಯಲಿಲ್ಲ.

ನಮ್ಮ ಮನೆ ಮಿರಜದಲ್ಲಿ. ಇಲ್ಲಿ ತಂಬೂರಿ ಮಾಡುವವರು ಬಹಳ. ಹೆಂಡತಿ ಸುನಂದಾ ಅವಕ್ಕೆ ಹತ್ತಿ ತುಂಬಿದ ಗವಸು ಹೊಲಿಯುತ್ತಾಳೆ. ಒಂದು ಸಂಗೀತ ಶಾಲೆ ವಾರದೊಳಗೆ ನಲವತ್ತು ಗವಸು ಕೇಳಿತು. ಅಷ್ಟು ದೊಡ್ಡ ಆರ್ಡರ್ ಅವಳಿಗೆ ಅದೇ ಮೊದಲು. ತಪ್ಪಿದರೆ ಮತ್ತೆ ಕೇಳುವವರಿಲ್ಲ. "ಕೆಲಸ ಹೊರಗ ಹಂಚು, ಪೇಟಿ ಎಲ್ಲಾ ನೋಡಿಕೋತದ" ಎಂದು ನಾನೇ ಉಪದೇಶಿಸಿದೆ. ಬಟ್ಟೆ ಕತ್ತರಿಸಲು ಬುಧಗಾಂವದ ಶಾಂತಾ ಮಾವಶಿ (ನಮ್ಮ ಕಡೆ ಚಿಕ್ಕಮ್ಮನಂಥವರೆಲ್ಲ ಮಾವಶಿ), ಹೊಲಿಯಲು ಲಿಂಗನೂರಿನ ಮಂಗಲ, ಜಿಪ್ ಹಚ್ಚಲು ಸುನಂದಾ. ನಡುವೆ ಸ್ಕೂಟರ್ ಮೇಲೆ ನಾನು.

"ಸರ, ಬಟ್ಟಿ ಸಣ್ಣ ಆಗೇತ್ರಿ, ತಂಬೂರಿ ಬುರುಡಿ ಒಳಗ ಹೋಗಂಗಿಲ್ಲ" ಎಂದಳು ಮಂಗಲ. ಅದನ್ನು ಬುಧಗಾಂವಕ್ಕೆ ಒಯ್ದೆ. "ನಾ ಅಳತಿ ಪ್ರಕಾರಾನ ಕತ್ತರಿಸೇನಿ. ಅಕಿಗೆ ಹೊಲಿಯಾಕ ಬರಂಗಿಲ್ಲಂತ ಹೇಳ್ರಿ" ಎಂದರು ಮಾವಶಿ. ಅದನ್ನೂ ನಿಷ್ಠೆಯಿಂದ ಲಿಂಗನೂರಿಗೆ ಮುಟ್ಟಿಸಿದೆ. ಮಂಗಲ ಕೆಲಸ ನಿಲ್ಲಿಸಿದಳು. ನಾಲ್ಕು ದಿನ ಹೋದವು. ಸಿದ್ಧವಾದದ್ದು ಒಂದೂ ಇಲ್ಲ.

ಸುನಂದಾ ಫೋನ್ ಎತ್ತಿದಳು. "ಮಾವಶಿ, ನಾಳೆ ಕತ್ತರಿ ತಗೊಂಡು ನಮ್ಮ ಮನಿಗೆ ಬರ್ರಿ. ಮಂಗಲಾನೂ ಬರ್ತಾಳ. ಊಟ ಇಲ್ಲೇ."

ಮರುದಿನ ಹಾಲ್‌ನ ನಡುವೆ ಒಂದು ತಂಬೂರಿಯನ್ನೇ ತಂದು ಇಟ್ಟಳು. ಮಾವಶಿ ಅದಕ್ಕೆ ಬಟ್ಟೆ ಹಿಡಿದು ನೋಡಿ, "ಅಯ್ಯ, ಹೊಲಿಗಿಗೆ ಎರಡು ಬೆರಳು ಬಿಡೂದs ಮರತೇನಲ್ಲ!" ಎಂದು ನಕ್ಕುಬಿಟ್ಟರು. "ಇರಲಿ ಬಿಡ್ರಿ, ನಡುವ ಒಂದು ಕೆಂಪು ಪಟ್ಟಿ ಕೂಡಸ್ತೀನಿ" ಎಂದಳು ಮಂಗಲ. ಗಡುವಿಗೆ ಒಂದು ದಿನ ಮೊದಲೇ ನಲವತ್ತೂ ಗವಸು ಸಾಲಾಗಿ ನಿಂತವು. ಶಾಲೆಯವರು ಬಂದು ಜಿಪ್ ಎಳೆದು ನೋಡಿ, ಕೆಂಪು ಪಟ್ಟಿಯನ್ನೇ ವಿಶೇಷವಾಗಿ ಹೊಗಳಿ, ಇನ್ನೂ ನಲವತ್ತಕ್ಕೆ ಅಲ್ಲೇ ಹೇಳಿಹೋದರು. ಮೂವರೂ ಕೈ ಹಿಡಿದು ಕುಣಿಯುವುದೊಂದು ಬಾಕಿ.

ನನಗೂ ತಡೆಯಲಾಗಲಿಲ್ಲ. "ಇದಕ್ಕs ಕಂಪನಿ ಅಂತಾರ ನೋಡ್ರಿ! ನಡುವಿನ ದಂಡ ಖರ್ಚು ಉಳಿತು, ನಾವು ಗೆದ್ವಿ" ಎಂದು ಪಾಠ ಶುರುಮಾಡಿದೆ.

ಮಾವಶಿ ಗಮನವಿಟ್ಟು ಕೇಳಿದರು. "ಆ ದಂಡ ಖರ್ಚು ಅಂದ್ರ ಯಾವುದು?"

ಸುನಂದಾ ಸೂಜಿಯಿಂದ ತಲೆ ಎತ್ತಲಿಲ್ಲ. "ಇವರs, ಮಾವಶಿ."

ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ವಿದ್ಯಾರ್ಥಿಗಳಿಗೆ ಮಾತ್ರ ಇನ್ನೂ ಹೇಳಿಲ್ಲ.