ನಮ್ಮ ಮನೆ ಮುಂದಿನ ರಸ್ತೆ ಉಬ್ಬಿಗೆ, ಹಿಂದಿನ ಚಕ್ರದ ಪರವಾಗಿ

ಸಾನ್ ಬಾರ್ತೋಲೊ ಪಟ್ಟಣದ ಅಲ್ದಾಮ ಬೀದಿಯಲ್ಲಿ ನನ್ನ ಮನೆಯ ಕಿಟಕಿಗೆ ನೇರ ಎದುರಾಗಿ ಅಡ್ಡ ಮಲಗಿ, ಹೋಗುವವರಿಂದಲೂ ಬರುವವರಿಂದಲೂ ಬಾಗಿದ ವಂದನೆ ಸ್ವೀಕರಿಸುತ್ತಿರುವ ಘನತೆವೆತ್ತ ರಸ್ತೆ ಉಬ್ಬಿನವರ ಸನ್ನಿಧಾನಕ್ಕೆ,

ಮಾನ್ಯರೇ,

ಸದರಿ ಮನೆಯ ಯಜಮಾನನೂ, ತಿನ್ನುವ ಜೆಲ್ಲಿಯ ವ್ಯಾಪಾರಿಯೂ, ವಿಧುರನೂ, ನೂರಿಪ್ಪತ್ತೈದು ಸಿಸಿಯ ಒಂದು ಬಡಪಾಯಿ ಮೋಟಾರ್ ಸೈಕಲ್ಲಿನ ಸವಾರನೂ ಆದ ಕ್ರಿಸೋಫೊರೊ ಲಾಂದೆರೋಸ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬುದು ಉಪಚಾರದ ಮಾತಲ್ಲ. ಹೋದ ಮಳೆಗಾಲದಲ್ಲಿ ತಮ್ಮ ಪಾದದ ಬಳಿ ನಾನು ಅಕ್ಷರಶಃ ಹಾಗೆ ಬಿದ್ದದ್ದನ್ನು ಬೀದಿಯವರೆಲ್ಲ ನೋಡಿದ್ದಾರೆ. ತಾವು ಕ್ಷೇಮವಾಗಿದ್ದೀರೆಂಬ ವರ್ತಮಾನವನ್ನು ನನ್ನ ಸೊಂಟವೇ ದಿನಾ ತಲುಪಿಸುತ್ತಿದ್ದುದರಿಂದ ಅದನ್ನು ಬೇರೆಯಾಗಿ ವಿಚಾರಿಸುವುದಿಲ್ಲ. ಸೆಲಾಯಾದ ಕಾಲೇಜಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಮೇಷ್ಟರು ದೂರಿನ ಪತ್ರವನ್ನೂ 'ಡಿಯರ್ ಸರ್' ಎಂದೇ ಶುರು ಮಾಡಬೇಕು ಎಂದಿದ್ದರು. ಒದ್ದವನನ್ನೂ ಪ್ರಿಯನೇ ಎಂದು ಕರೆಯುವ ಸಂಯಮ ಆ ಭಾಷೆಯವರಿಗೆ ಇರಬಹುದು, ನನಗಿಲ್ಲ. ಅಲ್ಲದೆ ಅದರ ಮುಂದಿನ ವಾಕ್ಯ ಏನೆಂಬುದೂ ಮರೆತುಹೋಗಿದೆ.

ಪುರಸಭೆಗೆ ಬರೆಯುವುದನ್ನು ಬಿಟ್ಟು ಈತ ನಮಗೇಕೆ ಬರೆಯುತ್ತಿದ್ದಾನೆ ಎಂದು ತಾವು ಹುಬ್ಬೇರಿಸಬಹುದು, ಏರಿಸುವುದೇ ತಮ್ಮ ಕಸುಬಾದ್ದರಿಂದ. ಪುರಸಭೆಗೂ ಬರೆದಿದ್ದೇನೆ ಸ್ವಾಮೀ, ಅದರ ಕತೆ ಮುಂದೆ ಬರುತ್ತದೆ. ಆದರೆ ನಾನು ಕಂಡ ಅಧಿಕಾರಿಗಳಲ್ಲೆಲ್ಲ ಎದುರು ಬಂದ ತಕ್ಷಣ, ಮೇಲುಕೀಳೆನ್ನದೆ, ತಪ್ಪದೆ ಉತ್ತರ ಕೊಡುವವರು ತಾವೊಬ್ಬರೇ.

ತಮ್ಮ ಜನ್ಮವೃತ್ತಾಂತ ತಮಗೆ ನೆನಪಿರಲಾರದು, ಆಗ ತಾವಿನ್ನೂ ಹಸಿ ಸಿಮೆಂಟು. ನನ್ನ ಹೆಂಡತಿ ಎದುವೀಹೆಸ್ ಆ ಕಿಟಕಿಯಲ್ಲಿ ಲೋಟದ ಜೆಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಹಾಲಿನದು, ವಾಲ್‌ನಟ್‌ನದು, ಬಣ್ಣಬಣ್ಣದ ಪದರಗಳದ್ದು. ಆದರೆ ಈ ಬೀದಿಯ ಗಾಡಿಗಳು ಮದುವೆಗೆ ತಡವಾದ ಮದುಮಗನ ಹಾಗೆ ಓಡುತ್ತಿದ್ದವು. "ಓಡೋ ಗಿರಾಕಿ ಗಿರಾಕಿನೇ ಅಲ್ಲ ಕಣ್ರೀ. ಒಂದೋ ಕರೆದು ನಿಲ್ಲಿಸ್ಬೇಕು, ಇಲ್ಲಾ ಎಡವಿಸಿ ನಿಲ್ಲಿಸ್ಬೇಕು. ಕರೆದೂ ಕರೆದೂ ನನ್ನ ಗಂಟಲು ಬಿತ್ತು" ಎಂದಳು. ಆ ಭಾನುವಾರವೇ ನೆರೆಯವರನ್ನು ಸೇರಿಸಿ, ಹಳ್ಳದ ಕೆಂಪು ಬೆಣಚುಕಲ್ಲನ್ನು ತಾನೇ ಆರಿಸಿ ತಂದು, ಸಿಮೆಂಟಿಗೆ ಕಲಸಿ ತಮ್ಮನ್ನು ಹೆತ್ತಳು. ಸೋಮವಾರದಿಂದ ಗಾಡಿಗಳು ನಿಧಾನವಾದವು, ಡ್ರೈವರುಗಳ ಕತ್ತು ಕಿಟಕಿಯತ್ತ ತಿರುಗಿತು, ಕತ್ತಿನ ಹಿಂದೆಯೇ ಕೈಯೂ ಜೇಬಿಗೆ ಹೋಯಿತು.

ಇನ್ನು ನಾಮಕರಣ. ಮಗುವಿಗಿರಲಿ, ಹೊಸ ಮನೆಗೆ, ಹೊಸ ಗಾಡಿಗೆ, ಹುಟ್ಟುಹಬ್ಬದ ಕೇಕಿಗೂ ಒಬ್ಬ ಧರ್ಮಪಿತನನ್ನು ನೇಮಿಸದಿದ್ದರೆ ನಮ್ಮೂರಿನವರಿಗೆ ಊಟ ಸೇರುವುದಿಲ್ಲ. ತಮಗೂ ಒಬ್ಬ ಧರ್ಮಪಿತ ಬೇಕೆಂದಾಗ ಮೊದಲು ಕೈಯೆತ್ತಿದವನು ಮೂಲೆಯ ಟೈರ್ ಅಂಗಡಿಯ ತಾರ್ಸಿಸಿಯೊ. ಅಂದಿನಿಂದ ನಾವಿಬ್ಬರೂ ಪರಸ್ಪರ ಕೊಂಪಾದ್ರೆ, ಅಂದರೆ ತಮ್ಮ ಹೆಸರಿನಲ್ಲಿ ಬೀಗರು; ಎದುವೀಹೆಸ್ ಅವನಿಗೆ ಕೊಮಾದ್ರೆ, ಅಂದರೆ ಬೀಗಿತ್ತಿ. ಟೈರ್ ಅಂಗಡಿಯವನು ರಸ್ತೆ ಉಬ್ಬಿಗೆ ಧರ್ಮಪಿತನಾಗುವುದೂ ಹಲ್ಲಿನ ಡಾಕ್ಟರು ಮಿಠಾಯಿ ಅಂಗಡಿಗೆ ಪಾಲುದಾರನಾಗುವುದೂ ಒಂದೇ ಎಂದು ಆ ದಿನ ಯಾರಿಗೂ ಹೊಳೆಯಲಿಲ್ಲ. ನಾಮಕರಣದ ಊಟಕ್ಕೆ ಹಂದಿಮಾಂಸ ಚೆನ್ನಾಗಿ ಬೆಂದಿತ್ತು.

ಧರ್ಮಪಿತನಾದವನು ವರ್ಷಕ್ಕೊಮ್ಮೆ ಮಗುವಿಗೆ ಹೊಸ ಬಟ್ಟೆ ಕೊಡಬೇಕಲ್ಲ. ಮೇ ತಿಂಗಳಲ್ಲಿ ಗಾರೆ ಕೆಲಸದವರು ಪವಿತ್ರ ಶಿಲುಬೆಯ ಹಬ್ಬ ಮಾಡಿ, ಕಟ್ಟುತ್ತಿರುವ ಗೋಡೆಗಳ ಮೇಲೆಲ್ಲ ಹೂವಿನ ಶಿಲುಬೆ ನಿಲ್ಲಿಸುವ ದಿನ, ನನ್ನ ಕೊಂಪಾದ್ರೆ ತಪ್ಪದೆ ಬಂದು, ತಮ್ಮ ಮೈಮೇಲೆ ಒಂದು ಹೊಸ ಪದರ ಸಿಮೆಂಟು ಮೆತ್ತಿ, ಹಳದಿ ಬಣ್ಣ ಬಳಿದು, ತಲೆಯ ಬಳಿ ಹೂವಿಟ್ಟು ಹೋಗುತ್ತಿದ್ದ. ಎದುವೀಹೆಸ್ ತೀರಿಹೋದ ಮೇಲೂ ತಪ್ಪಿಸಲಿಲ್ಲ. "ಕೊಮಾದ್ರೆ ಹೆತ್ತಿದ್ದು. ನಾನು ಬಿಟ್ಬಿಡಕ್ಕಾಗತ್ತಾ?" ಎಂದಾಗ ನನ್ನ ಕಣ್ಣು ತುಂಬಿ ಬಂದಿತ್ತು. ಇಂಥ ಭಕ್ತಿ ಎಲ್ಲಿ ಸಿಗುತ್ತದೆ!

ಅವಳು ಹೋಗಿ ಈಗ ಎರಡು ವರ್ಷ. ಜೆಲ್ಲಿ ಮಾಡುವುದು ನನ್ನ ಕೈಗೆ ಬಂತು, ಮಾರುವ ಮುಖ ಬರಲಿಲ್ಲ. ನಾನು ಕಿಟಕಿಯಲ್ಲಿ ಕೂತರೆ ಗಾಡಿಯವರು ಟೋಪಿ ತೆಗೆದು ಸಂತಾಪ ಸೂಚಿಸಿ ಮುಂದೆ ಹೋಗುತ್ತಿದ್ದರು. ಕಿಟಕಿ ಮುಚ್ಚಿದೆ. ಮೋಟಾರ್ ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿ ಮನೆಮನೆಗೆ ಒಯ್ಯಲು ಹೊರಟೆ. ಊರಿನಲ್ಲಿ ಈಗಲೂ ಅದನ್ನು 'ಎದುವೀಹೆಸ್‌ಳ ಜೆಲ್ಲಿ' ಎಂದೇ ಕರೆಯುತ್ತಾರೆ, ನನಗೆ ಉಳಿದಿರುವುದು ಆ ಹೆಸರೊಂದೇ. ಅದನ್ನು ಹೊತ್ತು ಗೇಟು ದಾಟಿದರೆ ಮೊದಲು ಎದುರಾಗುವವರು ತಾವು.

ತಮ್ಮ ದಯೆಯಿಂದ ಈ ಇಳಿವಯಸ್ಸಿನಲ್ಲಿ ನನಗೆ ಒದಗಿದ ಟೈರು ಶಿಕ್ಷಣವನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಮೊದಲ ಪಾಠ, ಬಟನ್ ಟೈರು. "ಟೈರ್ ಅಂದ್ರೆ ಗಂಡಸಿನ ಮೀಸೆ ಇದ್ದ ಹಾಗೆ ಕೊಂಪಾದ್ರೆ, ದಪ್ಪ ಇದ್ದಷ್ಟೂ ಮರ್ಯಾದೆ" ಎಂದು ತಾರ್ಸಿಸಿಯೊ ಗುಬಟುಗುಬಟಾದ ಒಂದು ಟೈರನ್ನು ಹಿಂದಿನ ಚಕ್ರಕ್ಕೆ ತೊಡಿಸಿದ. ಕೆಸರುಗುಡ್ಡ ಹತ್ತುವವರಿಗೆ ಅದು ಸರಿ ಇರಬಹುದು. ಗಟ್ಟಿ ರಸ್ತೆಯಲ್ಲಿ ಅದರ ಒಂದೊಂದು ಗುಬಟೂ ಗಡಗಡ ಎಂದು ತನ್ನ ಹಾಜರಿ ಹಾಕುತ್ತ ಹೋಯಿತು. ಮೇಲಿನ ಪೇಟೆಯ ಹಳೆಯ ಗಿರಾಕಿ ದೋನ್ಯಾ ಅರ್ನುಲ್ಫಾ ಲೋಟದ ಮುಚ್ಚಳ ತೆಗೆದು ನೋಡಿ, "ಏನ್ ದೋನ್ ಕ್ರಿಸೋಫೊರೊ, ಇದನ್ನ ಚಮಚದಲ್ಲಿ ತಿನ್ಬೇಕಾ, ಇಲ್ಲಾ ಗಟಗಟ ಕುಡೀಬೇಕಾ?" ಎಂದರು.

ಎರಡನೆಯದು ಅಗಲದ ಟೈರು. ನೋಡಲು ರಾಜಗಾಂಭೀರ್ಯ, ಆದರೆ ತಿರುಗುವಾಗ ಚೈನ್ ಕವರಿಗೆ ಉಜ್ಜಿಕೊಂಡು ಬೆಕ್ಕಿನ ಬಾಲ ತುಳಿದಂಥ ಸದ್ದು. ಚಿಕ್ಕ ಗಾಡಿಗೆ ಅದರ ಅಳತೆಯದೇ ಟೈರು ಬೇಕು, ಬಡವನ ಕಾಲಿಗೆ ಬಿಷಪ್ಪರ ಬೂಟು ಹೊಂದುವುದಿಲ್ಲ. ಮೂರನೆಯದು ಅಳತೆಯೇನೋ ಸರಿ, ಆದರೆ ಅಂಗಡಿಯ ಗೂಟದಲ್ಲಿ ನೇತಾಡಿ ಎಷ್ಟು ಬೇಸಿಗೆ ಕಂಡಿತ್ತೋ, ರಬ್ಬರು ಒಣ ರೊಟ್ಟಿಯ ಹಾಗೆ ಸೀಳುಬಿಟ್ಟಿತ್ತು. ಕೇಳಿದ್ದಕ್ಕೆ, "ಹಳೇದಾದಷ್ಟೂ ಒಳ್ಳೇದು, ವೈನ್ ಥರ" ಎಂದ. ಸ್ವಾಮೀ, ವೈನು ಒಡೆದರೆ ನೆಲ ಒದ್ದೆಯಾಗುತ್ತದೆ, ಟೈರು ಒಡೆದರೆ ನೆಲಕ್ಕೆ ನಾನು ಬೀಳುತ್ತೇನೆ.

ನಾಲ್ಕನೆಯದನ್ನು ಅವನ ಮಾತು ಕೇಳದೆ, ಪಕ್ಕದ ಊರಿನಿಂದ ನಾನೇ ಆರಿಸಿ ತಂದೆ: ಮೆತ್ತಗಿನ, ಸಣ್ಣ ಗೆರೆಗಳ, ಹೊಸ ಟೈರು. ಅದರ ಪಕ್ಕೆಯ ಮೇಲೆ ಉಬ್ಬಕ್ಷರದಲ್ಲಿ ಇಂಗ್ಲಿಷ್! ನನ್ನ ಕಾಲೇಜು ಕೊನೆಗೂ ಉಪಯೋಗಕ್ಕೆ ಬಂತೆಂದು ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂತೆ. 'ಮ್ಯಾಕ್ಸಿಮಮ್' ಇಷ್ಟು ಗಾಳಿ ಎಂದಿತ್ತು. ಪರೀಕ್ಷೆಯಲ್ಲಿ ಎಂದೂ ಗರಿಷ್ಠ ಅಂಕ ಕಾಣದವನು ನಾನು, ಟೈರಿಗಾದರೂ ಸಿಗಲೆಂದು ಅಷ್ಟನ್ನೂ ಹೊಡೆಸಿದೆ. ಪಕ್ಕದಲ್ಲಿ 'ಕೋಲ್ಡ್' ಎಂದೂ ಇತ್ತು. ತಣ್ಣಗಿನ ಸರಕು ಸಾಗಿಸುವವರಿಗೆಂದೇ ಮಾಡಿದ ಟೈರಿದು ಎಂದು ಸಂತೋಷದಿಂದ ಎದೆ ಉಬ್ಬಿತು. ಉಬ್ಬಿದ ಎದೆಯೊಂದಿಗೆ ತಮ್ಮ ಮೇಲೆ ಹತ್ತಿದೆ. ಕಲ್ಲಿನಂತಾಗಿದ್ದ ಆ ಟೈರು ಪೆಟ್ಟಿಗೆಯನ್ನು ಚೆಂಡಿನಂತೆ ಎಸೆಯಿತು. ಓಡಿ ಬಿಸಿಯಾಗುವ ಮೊದಲು ಗಾಳಿ ಅಳೆಯಬೇಕು, ಬರೆದಿರುವುದು ತಡೆದುಕೊಳ್ಳುವ ಮಿತಿಯೇ ಹೊರತು ತುಂಬಬೇಕಾದ ಅಳತೆಯಲ್ಲ ಎಂಬುದೆಲ್ಲ ಆಮೇಲೆ ತಿಳಿಯಿತು. ತುಂಬಬೇಕಾದ ಅಳತೆ ಚೈನ್ ಕವರಿನ ಮೇಲೆ, ಕೆಸರಿನಡಿಯಲ್ಲಿ, ನನ್ನ ಸ್ವಂತ ತಾಯಿಭಾಷೆಯಲ್ಲಿ ಅಂಟಿಸಿತ್ತು.

ಕೆಸರು ಒರೆಸಿದೆ. ಗಾಳಿ ಇಳಿಸಿದೆ. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಚಕ್ರ ತಿರುಗಿಸಿ, ರಿಮ್ಮಿನ ಪಕ್ಕಕ್ಕೆ ಸೀಮೆಸುಣ್ಣ ಹಿಡಿದು, ಗೆರೆ ಬಿದ್ದ ಕಡೆ ಬೆಂಡು ಎಂದು ಗುರುತು ಮಾಡಿದೆ. ಸ್ಪೋಕ್ಸ್ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ, ಟಿಣ್ ಅಂದದ್ದನ್ನು ಬಿಟ್ಟು, ಟಪ್ ಅಂದದ್ದನ್ನು ಬಿಗಿ ಮಾಡಿದೆ. ಅದೂ ಒಮ್ಮೆಲೇ ಅಲ್ಲ, ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು, ಇಬ್ಬರು ಸೊಸೆಯರನ್ನು ಸಮಾಧಾನ ಮಾಡುವ ಹಾಗೆ. ಚಕ್ರ ನೇರವಾಯಿತು. ಮಾರನೆಯ ದಿನವೇ ತಾವು, ಯಾರೂ ಕೇಳದಿದ್ದರೂ, ಉಚಿತವಾಗಿ, ಅಷ್ಟನ್ನೂ ಮತ್ತೆ ಸಡಿಲ ಮಾಡಿಕೊಟ್ಟಿರಿ. ಇಂಜಿನ್ನಿನ ಹೊಟ್ಟೆಯನ್ನೂ ಕೆರೆದಿರಿ. ಸುಮ್ಮನೆ ಇಳಿದು ತಳ್ಳಿಕೊಂಡು ಹೋಗಬಾರದೇ ಎಂದೀರಿ. ತಳ್ಳಿದೆ ಸ್ವಾಮೀ! ತಮ್ಮ ನೆತ್ತಿಯ ಮೇಲೆ ಗಾಡಿ ತಕ್ಕಡಿಯಂತೆ ಕೂತುಬಿಟ್ಟಿತು, ಮುಂದಿನ ಚಕ್ರವೂ ನೆಲದಲ್ಲಿಲ್ಲ, ಹಿಂದಿನದೂ ಇಲ್ಲ.

ಹೀಗಿರುವಾಗ ದೋನ್ಯಾ ಅರ್ನುಲ್ಫಾ ಅವರ ಮೊಮ್ಮಗಳ ಹದಿನೈದನೆಯ ಹುಟ್ಟುಹಬ್ಬ ಬಂತು. ಇಡೀ ಮೇಲಿನ ಪೇಟೆ ಸೇರುವ ಹಬ್ಬ. ಎದುವೀಹೆಸ್‌ಳ ದೊಡ್ಡ ಅಚ್ಚಿನಲ್ಲಿ, ಬಣ್ಣದ ಪದರಗಳ ಮೇಲೆ ಗುಲಾಬಿ ಅರಳಿಸಿದ ಜೆಲ್ಲಿಯೇ ಆಗಬೇಕೆಂದರು. ಹಾಗೆಂದವರೇ ಬೆರಳೆತ್ತಿ, "ಇದೂ ಒಡೆದು ಬಂತು ಅಂದ್ರೆ ನಾನು ಮುಂದೆ ಬೇಕರಿಯವರಿಗೇ ಹೇಳ್ತೀನಿ. ಎದುವೀಹೆಸ್ ಜೊತೆಗೇ ಅವಳ ಜೆಲ್ಲಿನೂ ಮಣ್ಣು ಸೇರ್ತು ಅಂತ ತಿಳ್ಕೊಳ್ತೀನಿ" ಎಂದರು. ಆ ಸಂಜೆ ನಾನು ತಮ್ಮ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಖುದ್ದಾಗಿ ಮನವಿ ಮಾಡಿಕೊಂಡೆ: ಶನಿವಾರ ಬೆಳಿಗ್ಗೆ ಸ್ವಲ್ಪ ಹೊತ್ತು ತಾವು ಎದ್ದು ಗೋಡೆಗೊರಗಿ ನಿಲ್ಲಬೇಕು, ಅದಾಗದಿದ್ದರೆ ಮಗ್ಗುಲಿಗಾದರೂ ಹೊರಳಬೇಕು, ಅದೂ ಆಗದಿದ್ದರೆ ಉಸಿರು ಬಿಟ್ಟು ಹೊಟ್ಟೆ ಒಳಗೆಳೆದುಕೊಳ್ಳಬೇಕು. ತಾವು ಪರಿಶೀಲಿಸುವುದಾಗಿಯೂ ಹೇಳಲಿಲ್ಲ. ಆ ಮಟ್ಟಿಗೆ ತಾವು ಪುರಸಭೆಗಿಂತ ಪ್ರಾಮಾಣಿಕರು.

ಆದರೆ ಪುರಸಭೆಯನ್ನು ನಾನು ಹಗುರವಾಗಿ ಎಣಿಸಿದ್ದೆ. ತಮ್ಮನ್ನು ಕಿತ್ತೊಗೆಯಬೇಕೆಂದು ಹಿಂದೆಂದೋ ಸಲ್ಲಿಸಿ ನಾನೇ ಮರೆತಿದ್ದ ಅರ್ಜಿ ಹಣ್ಣಾಗಿ ಉದುರಿದ್ದು ಅದೇ ಶನಿವಾರ ಬೆಳಿಗ್ಗೆ. ಮೇಸ್ತ್ರಿ ಬಸೀಲಿಯೊ ಕಾಂಕ್ರೀಟು ಒಡೆಯುವ ಯಂತ್ರದೊಂದಿಗೆ ಬಂದಿಳಿದು, "ಅರ್ಜಿ ಹಾಕಿದ್ದು ನೀವೇ ತಾನೇ ತಾತ? ಆ ಕಡೆ ನಿಂತ್ಕೊಳ್ಳಿ, ಐದೇ ನಿಮಿಷ, ಇದರ ಹೆಸರಿಲ್ಲದ ಹಾಗೆ ಮಾಡ್ತೀನಿ" ಎಂದ. ಯಂತ್ರ ತಮ್ಮ ಒಂದು ತುದಿಯನ್ನು ಕಚ್ಚಿ ಕೆಡವಿತು. ಮೂಲೆಯಿಂದ ತಾರ್ಸಿಸಿಯೊ, ಕೈಯಲ್ಲಿ ಯಾರದೋ ಟ್ಯೂಬು ಹಿಡಿದುಕೊಂಡೇ ಓಡಿಬಂದ: "ಅಯ್ಯಯ್ಯೋ, ನನ್ನ ಮಗನ್ನ ಕೊಲ್ತಿದ್ದಾರೆ! ಕೊಂಪಾದ್ರೆ, ನೋಡ್ತಾ ನಿಂತಿದೀಯಲ್ಲೋ!"

ನೋಡುತ್ತಲೇ ನಿಂತಿದ್ದೆ. ಕಡಿದ ತುದಿಯಲ್ಲಿ ತಮ್ಮ ಒಳಗೆಲ್ಲ ಕಾಣುತ್ತಿತ್ತು. ಬೂದು, ಹಳದಿ, ಬೂದು, ಹಳದಿ, ಥೇಟ್ ಅವಳ ಪದರದ ಜೆಲ್ಲಿ! ಒಂದೊಂದು ಹಬ್ಬಕ್ಕೆ ಒಂದೊಂದು ಪದರ, ಧರ್ಮಪಿತನ ಪ್ರೀತಿ ಹೀಗೆ ವರ್ಷಕ್ಕೆರಡು ಬೆರಳು ಮೇಲೇರಿತ್ತು. ಮನೆಯ ಮಗು ಬೆಳೆದದ್ದು ಮನೆಯವರಿಗೆ ತಿಳಿಯುವುದಿಲ್ಲ ಎನ್ನುತ್ತಾರಲ್ಲ, ಹಾಗೆ. ಎಲ್ಲಕ್ಕಿಂತ ಕೆಳಗೆ, ಅಂಗೈ ಕವುಚಿ ಇಟ್ಟಷ್ಟೇ ಎತ್ತರಕ್ಕೆ, ಕೆಂಪು ಬೆಣಚುಕಲ್ಲಿನ ತೆಳ್ಳನೆಯ ಒಂದು ಬೆನ್ನು. ಎದುವೀಹೆಸ್ ಹೆತ್ತದ್ದು ಅಷ್ಟೇ.

ಆ ಹೊತ್ತಿಗೆ ಸರಿಯಾಗಿ ನೀರಿನ ಟ್ಯಾಂಕರು ಬಂತು. ಉಳಿದಿದ್ದ ತಮ್ಮ ಅರ್ಧ ದೇಹಕ್ಕೆ ಹೆದರಿ ನಿಧಾನ ಮಾಡಿದ ಡ್ರೈವರು, ದೊಡ್ಡ ಜೆಲ್ಲಿ ಹೊರತೆಗೆಯಲೆಂದು ನಾನು ತೆರೆದಿಟ್ಟಿದ್ದ ಕಿಟಕಿಯತ್ತ ಕತ್ತು ತಿರುಗಿಸಿ, "ಓ, ತೆಗೆದ್ರಾ ಮತ್ತೆ? ವಾಲ್‌ನಟ್ ಇದ್ರೆ ಎರಡು ಕೊಡಿ" ಎಂದ. ಕೊಟ್ಟೆ. ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ, ಅವನು ಟೋಪಿ ಮಾತ್ರ ತೆಗೆಯಲಿಲ್ಲ. ಮೇಸ್ತ್ರಿಯನ್ನು ತಡೆದು, "ಬಟ್ಟೆ ಬಿಚ್ಚಪ್ಪ ಸಾಕು, ಮಗೂನ ಮುಟ್ಟಬೇಡ. ಕೆಂಪು ಕಲ್ಲು ಕಂಡ ಕಡೆ ನಿಲ್ಲಿಸು" ಎಂದೆ. "ಅರ್ಜೀಲಿ ಹಾಗೆ ಇಲ್ವಲ್ಲ" ಎಂದ. ಅವನಿಗೂ ಒಂದು ಲೋಟ ಕೊಟ್ಟೆ. ಅರ್ಜಿಯಲ್ಲಿ ಇತ್ತಂತೆ, ಅವನು ಸರಿಯಾಗಿ ಓದಿರಲಿಲ್ಲವಂತೆ.

ಸಿಪ್ಪೆ ಸುಲಿದ ತಮ್ಮ ಮೇಲೆ, ಕಡ್ಡಿ ಬಿಗಿದ ಚಕ್ರದಲ್ಲಿ, ತಣ್ಣಗೆ ಅಳೆದ ಗಾಳಿಯಲ್ಲಿ, ಅಚ್ಚಿನಿಂದಿಳಿದ ಗುಲಾಬಿಯನ್ನು ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ಹತ್ತಿದೆ. ಮುಂದಿನ ಚಕ್ರ ಏರಿ ಇಳಿಯಿತು. ಹಿಂದಿನದೂ. ಇಳಿದು ಮುಚ್ಚಳ ಸರಿಸಿ ನೋಡಿದೆ. ಎದುವೀಹೆಸ್ ಇಗರ್ಜಿಯಲ್ಲಿ ನಗು ತಡೆದುಕೊಂಡಾಗ ಅವಳ ಹೆಗಲು ಅಲುಗುತ್ತಿದ್ದಂತೆ ಜೆಲ್ಲಿ ಒಮ್ಮೆ ಅಲುಗಿ, ನಿಂತಿತು. ಮೇಲಿನ ಪೇಟೆಯಲ್ಲಿ ದೋನ್ಯಾ ಅರ್ನುಲ್ಫಾ ಸುತ್ತಲೂ ತಿರುಗಿ ಬಿರುಕು ಹುಡುಕಿದರು. ಸಿಗಲಿಲ್ಲ. ಕೊನೆಗೆ ಅಂಚಿನಿಂದ ಒಂದು ಚಮಚ ಬಾಯಿಗಿಟ್ಟುಕೊಂಡು, ನನ್ನನ್ನು ನೋಡದೆ, "ಹೂಂ. ಅವಳದೇ" ಎಂದರು.

ಆದ್ದರಿಂದ ತಮ್ಮಲ್ಲಿ ಈಗ ಉಳಿದಿರುವ ಬಿನ್ನಹ ಇಷ್ಟೇ: ಇನ್ನು ಬೆಳೆಯಬೇಡಿ. ಗಾಡಿಗಳನ್ನು ನಿಲ್ಲಿಸಿ, ಮುರಿಯಬೇಡಿ. ಕಿಟಕಿ ಬೆಳಿಗ್ಗೆಯೂ ಸಂಜೆಯೂ ತೆರೆದಿರುತ್ತದೆ. ಆ ಕಡೆ ನಾಲ್ಕು ಕತ್ತುಗಳನ್ನು ತಿರುಗಿಸಿಕೊಟ್ಟರೆ ಹಿಂದಿನ ಟೈರುಗಳ ಪ್ರಕರಣವನ್ನು ನನ್ನ ಚಕ್ರ ಉದಾರವಾಗಿ ಮರೆಯಲಿದೆ. ಸೊಂಟ ಮರೆಯುವ ಭರವಸೆ ಕೊಡಲಾರೆ.

ತಮ್ಮ ಮೈಮೇಲೆ ದಿನಾ ಹಾದುಹೋಗುವ,
ತಮ್ಮ ವಿಶ್ವಾಸಿ,
ಕ್ರಿಸೋಫೊರೊ ಲಾಂದೆರೋಸ್

ತಾಜಾ ಕಲಂ: ತಮ್ಮ ಧರ್ಮಪಿತ ವಾರದಿಂದ ನನ್ನೊಡನೆ ಮಾತು ಬಿಟ್ಟಿದ್ದವನು ನಿನ್ನೆ ತಾನೇ ಬಂದ. ವ್ಯಾಪಾರ ಬಿದ್ದುಹೋಗಿದೆಯಂತೆ, ಆದ್ದರಿಂದ ತನ್ನ ಅಂಗಡಿಯ ಮುಂದೆಯೇ ಒಂದು ಉಬ್ಬು ಹಾಕಿಸುತ್ತಾನಂತೆ, ಅದಕ್ಕೆ ಧರ್ಮಪಿತ ನಾನೇ ಆಗಬೇಕಂತೆ. ಸಂತೋಷದಿಂದ ಒಪ್ಪಿದ್ದೇನೆ. ಬರುವ ಮೇ ತಿಂಗಳ ಹಬ್ಬಕ್ಕೆ ಅದಕ್ಕೆ ಬಟ್ಟೆ ತೊಡಿಸುವ ಪಾಳಿ ನನ್ನದು. ಸಿಮೆಂಟು ಕೆತ್ತುವ ಉಳಿಯನ್ನು ಈಗಲೇ ಸಾಣೆ ಹಿಡಿಸಿಟ್ಟಿದ್ದೇನೆ.